ಟೈರ್ ನಟ್ಟಿನ ಮೂಲೆ ಸವೆದು ಸ್ಪ್ಯಾನರ್ ಜಾರುತ್ತಿದೆಯಾ?
ಒಂದು ಸೈಜ್ ಚಿಕ್ಕದಾದ 12 ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ನಟ್ಟಿನ ಮೇಲೆ ಕೂರಿಸಿ, ಉದ್ದ ಹಿಡಿ ಹಾಕಿ ಎಡಕ್ಕೆ ತಿರುಗಿಸಿ. 19 ಎಂಎಂ ನಟ್ಟಿಗೆ 18ರ ಸಾಕೆಟ್ ಸಾಕು. ಬಿಗಿಯಾಗಿ ಒಳಹೋಗುವಾಗ ಸಾಕೆಟ್ಟಿನ ಹಲ್ಲುಗಳು ಸವೆದ ಲೋಹವನ್ನು ಕೊರೆದು ಹೊಸ ಹಿಡಿತ ಮಾಡಿಕೊಳ್ಳುತ್ತವೆ, ಅದಕ್ಕೇ ಜಾರುವುದಿಲ್ಲ. ಬಡಿಯುವುದು, ಸಡಿಲಿಸುವುದು ಎರಡೂ ಚಕ್ರ ನೆಲದ ಮೇಲಿದ್ದಾಗಲೇ, ಹ್ಯಾಂಡ್‌ಬ್ರೇಕ್ ಎಳೆದು. ಜ್ಯಾಕ್ ಮೇಲೆ ನಿಂತ ಕಾರಿಗೆ ಈ ಸಾಹಸ ಬೇಡವೇ ಬೇಡ. ಕಣ್ಣಿಗೆ ಕನ್ನಡಕ ಇರಲಿ, ಗಟ್ಟಿ ಉಕ್ಕು ಚೂರಾಗಿ ಸಿಡಿಯಬಹುದು. ತುಕ್ಕು ಜಾಸ್ತಿ ಇದ್ದರೆ ಮೊದಲು ತುಕ್ಕು ಬಿಡಿಸುವ ಎಣ್ಣೆ ಹೊಡೆದು ಅರ್ಧ ಗಂಟೆ ಬಿಡಿ. ಹಳೇ ಸಾಕೆಟ್ಟನ್ನೇ ಬಳಸಿ, ಸುಮ್ನೆ ಒಳ್ಳೇ ಸೆಟ್ ಹಾಳುಮಾಡಿಕೊಳ್ಳಬೇಡಿ. ಒಳಗೆ ಸಿಕ್ಕಿಕೊಂಡ ನಟ್ಟನ್ನು ಹಿಂದಿನ ಚೌಕ ತೂತಿನಿಂದ ಪಂಚ್ ಇಟ್ಟು ಹೊಡೆದರೆ ಈಚೆ ಬರುತ್ತದೆ. ಹೊರಕವಚ ತಾನೇ ಸುತ್ತುವ ಕಳ್ಳತನ ತಡೆಯುವ ಲಾಕ್ ನಟ್ಟಿಗೆ ಇದು ನಡೆಯುವುದಿಲ್ಲ. ಅಲಾಯ್ ಚಕ್ರದಲ್ಲಿ ನಟ್ಟಿನ ಸುತ್ತ ಜಾಗವೇ ಇಲ್ಲದಿದ್ದರೂ ಕಷ್ಟ. ಬೋಲ್ಟೇ ತುಂಡಾಗಿದ್ದರೆ ಗ್ಯಾರೇಜಿಗೇ ಹೋಗಬೇಕು, ಅಲ್ಲಿ ಉಳಿದ ತುಂಡನ್ನು ಚಕ್ರ ಕೂರುವ ಹಬ್‌ನಿಂದ ಹಿಂದಕ್ಕೆ ಹೊಡೆದು ತೆಗೆದು ಹೊಸ ಬೋಲ್ಟ್ ಕೂರಿಸುತ್ತಾರೆ. ಬಿಚ್ಚಿದ ನಟ್ಟನ್ನು ಮತ್ತೆ ಹಾಕಬೇಡಿ, ಹೊಸದು ಕೊಳ್ಳಿ.