ಮಾತ್ರೆ, ಇಂಜೆಕ್ಷನ್ ಬಿಟ್ಟ ಮೇಲೆ ಮಗು: ದಿನ ಎಣಿಸುವುದು ಎಲ್ಲಿಂದ?

ವರಮಹಾಲಕ್ಷ್ಮಿ ಹಬ್ಬದ ಸಂಜೆ ನನ್ನ ಚಿಕ್ಕಮ್ಮನ ಮಗಳು ಅರಿಶಿನ ಕುಂಕುಮಕ್ಕೆ ಹಾಸನದ ನಮ್ಮ ಮನೆಗೆ ಬಂದಿದ್ದಳು. ಅಷ್ಟರಲ್ಲಾಗಲೇ ನಾಲ್ಕು ಮನೆ ಮುಗಿಸಿದ್ದಳು. ನಾಲ್ಕರಲ್ಲೂ ಒಂದೇ ಪ್ರಶ್ನೆ: "ಎರಡನೇದು ಯಾವಾಗ? ಏನೂ ವಿಶೇಷ ಇಲ್ವಾ?" ಅಡುಗೆಮನೆಗೆ ಬಂದವಳೇ ಅತ್ತುಬಿಟ್ಟಳು. "ಅಕ್ಕಾ, ಇಂಜೆಕ್ಷನ್ ಬಿಟ್ಟು ಏಳು ತಿಂಗಳಾಯ್ತು. ಗರ್ಭಕೋಶವೇ ಒಣಗಿಹೋಗಿದೆ ಅಂತಾರೆ ಅತ್ತೆ. ನಿಜಾನಾ?"

ಅವಳ ಪರ್ಸಿನಲ್ಲಿ ಅಂತರಾ ಕಾರ್ಡ್, ಅಂದರೆ ಗರ್ಭನಿರೋಧಕ ಇಂಜೆಕ್ಷನ್ ಕೊಟ್ಟ ದಿನ ಬರೆಯುವ ಕಾರ್ಡ್ ಇತ್ತು. ಮಡಿಕೆ ಬಿದ್ದು, ಅಂಚು ಹರಿದಿತ್ತು. ಕೊನೆಯ ಡೋಸ್ ಸಂಕ್ರಾಂತಿ ವಾರದ್ದು. ಒಂದು ಡೋಸ್ ಮೂರು ತಿಂಗಳು ಕೆಲಸ ಮಾಡುತ್ತದೆ. ಅಂದರೆ ಅದರ ಅವಧಿ ಮುಗಿದದ್ದೇ ಏಪ್ರಿಲ್ ಮಧ್ಯದಲ್ಲಿ. ಅವಳ ಏಳು ತಿಂಗಳು ನಿಜಕ್ಕೂ ನಾಲ್ಕೇ ತಿಂಗಳು. ಗೋಡೆಯ ಕ್ಯಾಲೆಂಡರ್ ಹಿಂದಕ್ಕೆ ಮಗುಚಿ ಏಪ್ರಿಲ್ 15ರ ಸುತ್ತ ಒಂದು ಸೊನ್ನೆ ಹಾಕಿ ತೋರಿಸಿದೆ. ನಾಲ್ಕು ತಿಂಗಳಿಗೇ ಇಷ್ಟು ಅಳು ಬೇಕಾ?

ಗರ್ಭನಿರೋಧಕ ಬಳಸಿದವರಲ್ಲಿ ಈ ಭಯ ತುಂಬಾ ಜಾಸ್ತಿ. ಹಾರ್ಮೋನ್ ಮಾತ್ರೆಯಾಗಲಿ, ಇಂಜೆಕ್ಷನ್ ಆಗಲಿ ಬಂಜೆತನ ತರುವುದಿಲ್ಲ. ಅಂಡ ಬಿಡುಗಡೆಯಾಗದಂತೆ ಸ್ವಲ್ಪ ಕಾಲ ತಡೆದಿಡುತ್ತವೆ, ಅಷ್ಟೇ. ಎಷ್ಟು ವರ್ಷ ಬಳಸಿದಿರಿ ಎಂಬುದರಿಂದಲೂ ಇದು ಬದಲಾಗುವುದಿಲ್ಲ.

ಮೊದಲು, ನೀವು ಬಳಸಿದ್ದು ಏನು ನೋಡಿ

ಎಲ್ಲವನ್ನೂ "ಫ್ಯಾಮಿಲಿ ಪ್ಲಾನಿಂಗ್" ಎಂದು ಒಂದೇ ಗಂಟು ಕಟ್ಟುತ್ತೇವೆ. ಆದರೆ ಒಂದೊಂದರ ಲೆಕ್ಕ ಬೇರೆ.

ಮಾಲಾ-ಎನ್ ಥರದ ದಿನದ ಮಾತ್ರೆಯಾದರೆ, ಬಿಟ್ಟ ಕೆಲವೇ ವಾರಗಳಿಂದ ಮೂರು ತಿಂಗಳ ಒಳಗೆ ಸಾಮಾನ್ಯವಾಗಿ ಅಂಡ ಬಿಡುಗಡೆ ಶುರುವಾಗುತ್ತದೆ. ಮಾತ್ರೆ ಯಾವಾಗ ಬೇಕಾದರೂ ಬಿಡಬಹುದು. ಆದರೂ ಕೈಯಲ್ಲಿರುವ ಪಟ್ಟಿ ಮುಗಿಸಿ ಬಿಟ್ಟರೆ ದಿನದ ಲೆಕ್ಕ ಸುಲಭ. ಬಿಟ್ಟ ತಿಂಗಳಲ್ಲೇ ಗರ್ಭ ನಿಂತರೆ ಮಗುವಿಗೆ ತೊಂದರೆಯೇನಿಲ್ಲ.

ಅಂತರಾ ಇಂಜೆಕ್ಷನ್‌ನದು ನಿಧಾನದ ದಾರಿ. ಔಷಧಿ ಮೈಯಿಂದ ಪೂರ್ತಿ ಇಳಿಯಲು ಸಮಯ ಬೇಕು. ಕೊನೆಯ ಇಂಜೆಕ್ಷನ್ ದಿನದಿಂದ ಎಣಿಸಿದರೆ ಗರ್ಭ ನಿಲ್ಲಲು ಸರಾಸರಿ 7ರಿಂದ 10 ತಿಂಗಳು ಹಿಡಿಯುತ್ತದೆ. ಕೆಲವರಿಗೆ ವರ್ಷ ದಾಟುವುದೂ ಉಂಟು. ಹಾಗಾಗಿ ಮುಂದಿನ ವರ್ಷ ಮಗು ಬೇಕು ಅನ್ನುವವರು ಇಂಜೆಕ್ಷನ್ ಅನ್ನು ಮೊದಲೇ ಬಿಡಬೇಕು. ಈ ಮಾತನ್ನು ಸೂಜಿ ಚುಚ್ಚುವ ದಿನವೇ ಎಲ್ಲರಿಗೂ ಬಿಡಿಸಿ ಹೇಳಬೇಕು ಎಂಬುದು ನನ್ನ ಹಠ. ಎಷ್ಟೋ ಕಣ್ಣೀರು ಅಲ್ಲೇ ತಪ್ಪುತ್ತದೆ.

ವಂಕಿ, ಅಂದರೆ ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ. ತೆಗೆಸಿದ ಕೂಡಲೇ ಗರ್ಭ ನಿಲ್ಲಬಹುದು. ಹಾರ್ಮೋನ್ ಇರುವ ವಂಕಿ ತೆಗೆಸಿದ ಮೇಲೂ ಹೆಚ್ಚು ತಡವಾಗುವುದಿಲ್ಲ. ವಾರದ ಮಾತ್ರೆ ಛಾಯಾ ಕೂಡ ಹಾರ್ಮೋನ್ ಅಲ್ಲ.

ಆಮೇಲೆ, ಮುಟ್ಟಿನ ದಿನ ಬರೆದಿಡಿ

ಗ್ಯಾಸ್ ಸಿಲಿಂಡರ್ ಬಂದ ದಿನ, ಹಾಲು ತಪ್ಪಿದ ದಿನ ಎಲ್ಲ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ, ಅಲ್ವಾ? ಇದನ್ನೂ ಬರೆಯಿರಿ. ಮಾತ್ರೆ ನಿಲ್ಲಿಸಿದ ಎರಡು-ಮೂರು ದಿನದಲ್ಲಿ ಹೋಗುವ ರಕ್ತ ನಿಜವಾದ ಮುಟ್ಟಲ್ಲ, ಹಾರ್ಮೋನ್ ನಿಂತದ್ದಕ್ಕೆ ಬರುವಂಥದ್ದು. ಅದರ ಮುಂದಿನದು ನಿಮ್ಮ ಸ್ವಂತದ್ದು. ಅಲ್ಲಿಂದ ಎಣಿಸಿ.

ಮಾತ್ರೆಗೆ ಮೊದಲೇ ಮುಟ್ಟು ಏರುಪೇರಾಗಿದ್ದವರಿಗೆ ಬಿಟ್ಟ ಮೇಲೂ ಹಾಗೆಯೇ ಆಗಬಹುದು. ಮಾತ್ರೆ ತಿನ್ನುವಷ್ಟು ದಿನ ಸರಿಯಾಗಿ ಬರುತ್ತಿದ್ದದ್ದು ಮಾತ್ರೆಯ ಲೆಕ್ಕದಲ್ಲಿ. ಒಳಗೆ ಪಿಸಿಒಡಿಯೋ (ಅಂಡಾಶಯದ ಹಾರ್ಮೋನ್ ಏರುಪೇರು) ಥೈರಾಯ್ಡೋ ಇದ್ದರೆ ಅದು ಈಗ ಕಾಣಿಸಿಕೊಳ್ಳುತ್ತದೆ. ಜನ ಮಾತ್ರೆಯನ್ನು ದೂರುತ್ತಾರೆ. ಮಾತ್ರೆ ಬಿಟ್ಟು ಮೂರು ತಿಂಗಳಾದರೂ ಮುಟ್ಟು ಬರದಿದ್ದರೆ ಮೊದಲು ಗರ್ಭ ಪರೀಕ್ಷೆ, ಆಮೇಲೆ ಡಾಕ್ಟರ್. ಮುಟ್ಟು ಬರಿಸುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗಬೇಡಿ.

ಇಂಜೆಕ್ಷನ್ ಬಿಟ್ಟವರು ಇನ್ನೊಂದು ನೆನಪಿಡಿ. ಮುಟ್ಟು ಮರಳುವ ಮೊದಲೇ ಗರ್ಭ ನಿಲ್ಲಬಹುದು. ಅನುಮಾನ ಇದ್ದರೆ ಗಂಡ-ಹೆಂಡತಿ ಕೂಡಿದ ಮೂರು ವಾರದ ಮೇಲೆ ಪರೀಕ್ಷೆ ಮಾಡಿ. ಆಶಾ ಅಕ್ಕನ ಹತ್ತಿರ ನಿಶ್ಚಯ್ ಕಿಟ್ ಇರುತ್ತದೆ, ದುಡ್ಡು ಕೊಡಬೇಕಿಲ್ಲ.

ಚಿಕ್ಕಮ್ಮನ ಮಗಳು ಮೊನ್ನೆ ಫೋನ್ ಮಾಡಿದ್ದಳು. ಮುಟ್ಟಾದೆ ಎಂದು ಅವಳು ಅಷ್ಟು ಖುಷಿಯಿಂದ ಹೇಳಿದ್ದನ್ನು ನಾನು ಕೇಳಿರಲೇ ಇಲ್ಲ.

ಕೂಡುವ ದಿನಗಳು

ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಬಿಡುಗಡೆಯಾಗುತ್ತದೆ. ಅಂಡದ ಆಯಸ್ಸು ಒಂದೇ ದಿನ. ಆದರೆ ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕುತ್ತದೆ. 28 ದಿನಕ್ಕೆ ಮುಟ್ಟಾಗುವವರಿಗೆ 9ನೇ ದಿನದಿಂದ 14ನೇ ದಿನದವರೆಗೆ ಅನುಕೂಲ. 35 ದಿನಕ್ಕೆ ಆಗುವವರಿಗೆ ಅದು ಒಂದು ವಾರ ಮುಂದಕ್ಕೆ ಹೋಗುತ್ತದೆ. ಬಿಳಿ ಸೆರಗು ಹಸಿ ಮೊಟ್ಟೆಯ ಬಿಳಿಯ ಹಾಗೆ ತಿಳಿಯಾಗಿ, ಬೆರಳ ನಡುವೆ ಎಳೆಯಾಗಿ ಬಂದರೆ ಆ ದಿನಗಳು ಬಂದವು ಅಂತ. ಇದೆಲ್ಲ ತಲೆನೋವು ಅನ್ನಿಸಿದರೆ ಎರಡು-ಮೂರು ದಿನಕ್ಕೊಮ್ಮೆ ಕೂಡಿದರೆ ಸಾಕು.

ಜೊತೆಜೊತೆಗೆ

ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲೇ ಶುರು ಮಾಡಿ. ಮಗುವಿನ ಬೆನ್ನುಹುರಿ ಬೆಳೆಯುವುದು ಮೊದಲ ವಾರಗಳಲ್ಲಿ, ಎಷ್ಟೋ ಸಲ ನಮಗೆ ಗೊತ್ತಾಗುವ ಮೊದಲೇ. ಮೂರ್ಛೆರೋಗದ ಮಾತ್ರೆ ತಿನ್ನುವವರಿಗೆ ಡೋಸ್ ಬೇರೆ, ಅವರು ಡಾಕ್ಟರನ್ನೇ ಕೇಳಬೇಕು. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಒಮ್ಮೆ ನೋಡಿಸಿ. ಕಾಫಿ ನಾಡಿನವರು ನಾವು, ಬಿಡಿ ಎಂದು ಹೇಳುವ ಮನಸ್ಸಿಲ್ಲ. ದಿನಕ್ಕೆ ಎರಡು ಲೋಟಕ್ಕೆ ನಿಲ್ಲಿಸಿ.

ಡಾಕ್ಟರ ಹತ್ತಿರ ಯಾವಾಗ?

ವಯಸ್ಸು 35ರ ಒಳಗಿದ್ದರೆ ಒಂದು ವರ್ಷ ಪ್ರಯತ್ನಿಸಿ. 35 ದಾಟಿದ್ದರೆ ಆರು ತಿಂಗಳಿಗೇ ಹೊರಡಿ. ಮುಟ್ಟು ತೀರಾ ಏರುಪೇರಾಗಿದ್ದರೆ, ಹೊಟ್ಟೆಯೊಳಗೆ ಮೊದಲು ಸೋಂಕೋ ಆಪರೇಷನ್ನೋ ಆಗಿದ್ದರೆ ಕಾಯುವುದೇ ಬೇಡ. ಹಾಸನದಲ್ಲಿ ಹಿಮ್ಸ್ ಆಸ್ಪತ್ರೆ ಇದೆ, ಚಿಕ್ಕಮಗಳೂರಿನಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಬೆಂಗಳೂರಿಗೆ ಓಡುವ ಮೊದಲು ಇಲ್ಲೇ ಸ್ತ್ರೀರೋಗ ವಿಭಾಗದಲ್ಲಿ ತೋರಿಸಿ. ಪರೀಕ್ಷೆಯಲ್ಲಿ ಗರ್ಭ ಎಂದು ಬಂದು, ಕಿಬ್ಬೊಟ್ಟೆಯ ಒಂದೇ ಪಕ್ಕ ಜೋರು ನೋವು, ರಕ್ತ ಕಂಡರೆ ಮಾತ್ರ ಆ ಗಳಿಗೆಯೇ ಹೋಗಬೇಕು. ಗರ್ಭ ನಾಳದಲ್ಲಿ ನಿಂತಿರಬಹುದು, ಅದು ಜೀವಕ್ಕೆ ಅಪಾಯ.

ಇನ್ನು ಗಂಡಸರ ವಿಷಯ. ಹೆಂಗಸಿಗೆ ಮೂರು ಸಲ ಸ್ಕ್ಯಾನಿಂಗ್ ಮಾಡಿಸಿ, ಗಂಡನಿಗೆ ಒಂದು ವೀರ್ಯ ಪರೀಕ್ಷೆಯನ್ನೂ ಮಾಡಿಸದ ಮನೆಗಳನ್ನು ನಾನು ನೋಡಿದ್ದೇನೆ. ಇದು ಅನ್ಯಾಯ. ಪರೀಕ್ಷೆಗಳಲ್ಲೆಲ್ಲ ಸುಲಭದ್ದು ಅದೇ: ಎರಡರಿಂದ ಏಳು ದಿನ ಕೂಡದೆ ಇದ್ದು ಸ್ಯಾಂಪಲ್ ಕೊಟ್ಟರಾಯಿತು. ಬೀಡಿ, ಗುಟ್ಕಾ, ಕುಡಿತ ವೀರ್ಯಾಣು ಕಡಿಮೆ ಮಾಡುತ್ತವೆ. ಹೊಸ ವೀರ್ಯಾಣು ತಯಾರಾಗಲು ಸುಮಾರು ಮೂರು ತಿಂಗಳು ಬೇಕಾದ್ದರಿಂದ ಇವತ್ತು ಬಿಟ್ಟರೆ ಫಲ ಮೂರು ತಿಂಗಳ ಮೇಲೆ.

ಹೋಗುವಾಗ ಕೈಯಲ್ಲಿ ಇಷ್ಟಿರಲಿ: ಮಾತ್ರೆಯ ಖಾಲಿ ಪಟ್ಟಿ ಅಥವಾ ಅಂತರಾ ಕಾರ್ಡ್, ಮುಟ್ಟಿನ ದಿನ ಗುರುತು ಹಾಕಿದ ಕ್ಯಾಲೆಂಡರ್ ಹಾಳೆ, ಹಳೆಯ ರಿಪೋರ್ಟ್‌ಗಳು. ಪಕ್ಕದ ಕುರ್ಚಿಯಲ್ಲಿ ಗಂಡ.