ಅಂತರರಾಷ್ಟ್ರೀಯ ಕಾನೂನಿನ ಮೂಲತತ್ವಗಳ ಪರೀಕ್ಷೆ: ಪ್ರಶ್ನೆ ತೆಗೆಯುವುದು, ಅಂಕ ಕೊಡುವುದು

ಯಾವ ದಾಖಲೆಯ ಮೇಲೆ ಕೇಳುತ್ತೀರಿ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ತತ್ವಗಳ ಬುಡ ವಿಶ್ವಸಂಸ್ಥೆ ಸನ್ನದಿನ 2ನೇ ವಿಧಿಯಲ್ಲಿದೆ. ಅವನ್ನು ಬಿಡಿಸಿ ಹೇಳಿದ 1970ರ ಮಹಾಸಭೆಯ ಘೋಷಣೆ (ನಿರ್ಣಯ 2625) ಏಳು ತತ್ವ ಎಣಿಸುತ್ತದೆ. ಯುರೋಪಿನ ಭದ್ರತೆ, ಸಹಕಾರದ ಬಗೆಗಿನ 1975ರ ಹೆಲ್ಸಿಂಕಿ ದಸ್ತಾವೇಜಿನಲ್ಲಿ ಹತ್ತು ಇವೆ. ‘ಮೂಲತತ್ವಗಳು ಎಷ್ಟು?’ ಎಂದಷ್ಟೇ ಕೇಳಿದರೆ ಏಳು ಎಂದವರೂ ಸರಿ, ಹತ್ತು ಎಂದವರೂ ಸರಿ. ದಾಖಲೆಯ ಹೆಸರು ಪ್ರಶ್ನೆಯಲ್ಲೇ ಇರಲಿ.

ಇಪ್ಪತ್ತು ಪ್ರಶ್ನೆ, 40 ಅಂಕ, 50 ನಿಮಿಷ ಸಾಕು. ತಲಾ ಒಂದು ಅಂಕದ ಬಹು ಆಯ್ಕೆ ಎಂಟು. ಒಂದು ಸಾಲಿನ ಕಾರಣ ಬೇಡುವ ಸರಿ–ತಪ್ಪು ಎಂಟು, ತಲಾ ಎರಡು ಅಂಕ. ಸನ್ನಿವೇಶದ ಪ್ರಶ್ನೆ ನಾಲ್ಕು, ತಲಾ ನಾಲ್ಕು ಅಂಕ. ಸರಿ–ತಪ್ಪಿನಲ್ಲಿ ಕಾರಣ ಕೆಟ್ಟರೆ ಸೊನ್ನೆ ಕೊಡಿ. ಇಲ್ಲದಿದ್ದರೆ ಕಣ್ಣು ಮುಚ್ಚಿ ಗುರುತು ಹಾಕಿದವರಿಗೂ ಅರ್ಧದಷ್ಟು ಸರಿಯಾಗಿಬಿಡುತ್ತದೆ.

ಒಳ್ಳೆಯ ಪ್ರಶ್ನೆ ಹುಟ್ಟುವುದು ಜನ ಗೊಂದಲಕ್ಕೆ ಬೀಳುವ ಜಾಗದಲ್ಲಿ. ಹಳೆಯ ಗೊಂದಲ ಎಂದರೆ ಸನ್ನದಿನ 2(7), ಅಂದರೆ 2ನೇ ವಿಧಿಯ 7ನೇ ಉಪವಿಧಿ. ಒಂದು ದೇಶ ಇನ್ನೊಂದರ ಆಂತರಿಕ ವಿಷಯದಲ್ಲಿ ತಲೆಹಾಕಬಾರದು ಎನ್ನುವುದಕ್ಕೆ ಹಲವರು ಇದನ್ನೇ ಬರೆಯುತ್ತಾರೆ. ಆ ಉಪವಿಧಿ ಕಟ್ಟಿಹಾಕುವುದು ವಿಶ್ವಸಂಸ್ಥೆಯ ಕೈಯನ್ನು. ಅದೂ ಸನ್ನದಿನ 7ನೇ ಅಧ್ಯಾಯದ ಬಲವಂತದ ಕ್ರಮಗಳಿಗೆ ಅಡ್ಡಬರುವುದಿಲ್ಲ. ದೇಶ–ದೇಶಗಳ ನಡುವಿನ ನಿಷೇಧ ರೂಢಿಗತ ಕಾನೂನಿನದು, ಅಂದರೆ ದೇಶಗಳ ಆಚರಣೆಯಿಂದ ಬೆಳೆದ ಕಾನೂನಿನದು. ಅಂತರರಾಷ್ಟ್ರೀಯ ನ್ಯಾಯಾಲಯದ 1986ರ ನಿಕರಾಗುವಾ ತೀರ್ಪು ಅದನ್ನು ಸ್ಪಷ್ಟವಾಗಿ ಹೇಳಿದೆ.

2(4)ರ ಮೇಲೆ ಕೇಳುವಾಗ ‘ಯುದ್ಧ’ ಎಂಬ ಪದವನ್ನು ತಪ್ಪು ಆಯ್ಕೆಯಲ್ಲಿಡಿ. ಅಲ್ಲಿ ನಿಷೇಧವಿರುವುದು ಬಲಪ್ರಯೋಗಕ್ಕೆ, ಜೊತೆಗೆ ಬಲಪ್ರಯೋಗದ ಬೆದರಿಕೆಗೆ. ಆತ್ಮರಕ್ಷಣೆಯ 51ನೇ ವಿಧಿಯಲ್ಲಿ ಎಲ್ಲರಿಗೂ ಸಶಸ್ತ್ರ ದಾಳಿ ನೆನಪಿರುತ್ತದೆ, ಕೈಗೊಂಡ ಕ್ರಮವನ್ನು ಭದ್ರತಾ ಮಂಡಳಿಗೆ ಕೂಡಲೇ ವರದಿ ಮಾಡಬೇಕೆಂಬುದು ಮರೆತಿರುತ್ತದೆ. ಅದನ್ನೇ ಕೇಳಿ.

ರೂಢಿಗೆ ಸರಳ ಪ್ರಶ್ನೆ: ಅತಿಥಿಯಾಗಿ ಬಂದ ರಾಷ್ಟ್ರಾಧ್ಯಕ್ಷರಿಗೆ ಎಲ್ಲ ದೇಶಗಳೂ ಕೆಂಪು ಹಾಸು ಹಾಸುತ್ತವೆ; ಇದು ಕಾನೂನೇ? ಅಲ್ಲ. ಆಚರಣೆ ಇದೆ, ಆದರೆ ಕಾನೂನಿನ ಕಟ್ಟುಪಾಡೆಂಬ ನಂಬಿಕೆ, ಅಂದರೆ ಒಪಿನಿಯೊ ಜೂರಿಸ್, ಇಲ್ಲ. ರೂಢಿ ಕಾನೂನಾಗಲು ಎರಡೂ ಬೇಕೆಂದು ಅದೇ ನ್ಯಾಯಾಲಯದ 1969ರ ನಾರ್ತ್ ಸೀ ತೀರ್ಪು ಹೇಳಿದೆ. ಹೇಗ್‌ನ ಎರಡು ನ್ಯಾಯಾಲಯಗಳ ಮೇಲೂ ಒಂದು ಪ್ರಶ್ನೆ ಇರಲಿ: ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಕಕ್ಷಿದಾರರು ದೇಶಗಳು, ಅಪರಾಧ ನ್ಯಾಯಾಲಯದಲ್ಲಿ ಆರೋಪಿಗಳು ವ್ಯಕ್ತಿಗಳು.

ಸನ್ನಿವೇಶಕ್ಕೆ ನಿಜವಾದ ದೇಶಗಳ ಹೆಸರು ಬೇಡ. ಉತ್ತರದಲ್ಲಿ ಕಾನೂನಿನ ಬದಲು ರಾಜಕೀಯ ತುಂಬಿಕೊಳ್ಳುತ್ತದೆ. ಒಂದು ಮಾದರಿ: ‘ಕ ದೇಶ ಚ ದೇಶದೊಂದಿಗಿನ ಒಪ್ಪಂದವನ್ನು ಅನುಮೋದಿಸಿತು, ಅದು ಜಾರಿಗೂ ಬಂತು. ಎರಡು ವರ್ಷದ ಬಳಿಕ ಕ ದೇಶದ ಸಂಸತ್ತು ಅದಕ್ಕೆ ವಿರುದ್ಧವಾದ ಕಾಯ್ದೆ ಮಾಡಿತು. ಇನ್ನು ಒಪ್ಪಂದ ಪಾಲಿಸಲಾಗದು ಎನ್ನುತ್ತದೆ ಕ ದೇಶ. ಈ ವಾದ ನಿಲ್ಲುತ್ತದೆಯೇ?’

ಅಂಕ ಹೀಗೆ ಹಂಚಿ. ಒಪ್ಪಂದವನ್ನು ಸದ್ಭಾವದಿಂದ ಪಾಲಿಸಬೇಕೆಂಬ ತತ್ವಕ್ಕೆ (ಒಪ್ಪಂದಗಳ ಕಾನೂನಿನ ಬಗೆಗಿನ 1969ರ ವಿಯೆನ್ನಾ ಒಪ್ಪಂದದ 26ನೇ ವಿಧಿ) ಒಂದು. ಸ್ವದೇಶಿ ಕಾನೂನು ನೆಪವಾಗದು ಎಂಬುದಕ್ಕೆ (27ನೇ ವಿಧಿ) ಒಂದು. ಇವನ್ನು ಕ ದೇಶದ ಸಂಗತಿಗೆ ಹೊಂದಿಸಿದ್ದಕ್ಕೆ ಒಂದು. ಕಾಯ್ದೆ ದೇಶದೊಳಗೆ ನಡೆದರೂ ಚ ದೇಶದ ಎದುರು ಕ ದೇಶದ ಹೊಣೆ ತಪ್ಪದು ಎಂದರೆ ಕೊನೆಯದು. ಸ್ವಲ್ಪ ಹೆಚ್ಚು ಓದಿದವರು 46ನೇ ವಿಧಿಯನ್ನು ಎಳೆದು ತರುತ್ತಾರೆ. ಅದು ಒಪ್ಪಂದ ಮಾಡಿಕೊಳ್ಳುವ ಅಧಿಕಾರವೇ ಇರಲಿಲ್ಲ ಎನ್ನುವ ತಕರಾರಿಗೆ ಸೇರಿದ್ದು, ಆಮೇಲೆ ಬಂದ ಕಾಯ್ದೆಗೆ ಅನ್ವಯಿಸದು. ವಿಧಿಯ ಸಂಖ್ಯೆ ಮರೆತು ತತ್ವವನ್ನು ಸರಿಯಾಗಿ ಬರೆದವರಿಗೆ ಅಂಕ ಕಡಿಯಬೇಡಿ.

ಪ್ರಶ್ನೆಪತ್ರಿಕೆ ಕೊಡುವ ಮೊದಲು ವಿಷಯ ಬಲ್ಲ ಒಬ್ಬರು ಉತ್ತರಸೂಚಿ ನೋಡದೆ ಬರೆಯಲಿ. ಅವರ ಉತ್ತರ ನಿಮ್ಮದಕ್ಕಿಂತ ಬೇರೆಯಾದರೆ ಹೆಚ್ಚಾಗಿ ಪ್ರಶ್ನೆಯಲ್ಲೇ ಐಬಿರುತ್ತದೆ. ಬಹು ಆಯ್ಕೆಯಲ್ಲಿ ಗೆದ್ದು ಸನ್ನಿವೇಶದಲ್ಲಿ ಸೋತವರಿಗೆ ಎರಡು ವಾರ ಬಿಟ್ಟು ಅದೇ ಸನ್ನಿವೇಶವನ್ನು ಒಂದು ಸಂಗತಿ ತಿರುಗಿಸಿ ಕೊಡಿ: ಈಗ ಅದು ಗಡಿ ಒಪ್ಪಂದ, ಕ ದೇಶದ ನೆಪ ‘ಪರಿಸ್ಥಿತಿ ಬದಲಾಗಿದೆ’. ಗಡಿ ಗುರುತಿಸುವ ಒಪ್ಪಂದಕ್ಕೆ ಆ ನೆಪ ಸಲ್ಲದೆಂದು ವಿಯೆನ್ನಾ ಒಪ್ಪಂದದ 62ನೇ ವಿಧಿಯಲ್ಲೇ ಇದೆ.