ಎದೆನೋವು ಶುರುವಾದ ಹೊತ್ತು: ಕೊಡಗಿನಲ್ಲಿ ಹೃದಯಾಘಾತದ ಅಧ್ಯಯನ ನಡೆಸುವ ಬಗೆ

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಹೃದಯಾಘಾತವಾದವರನ್ನು ಎರಡು ಗಂಟೆಯೊಳಗೆ ಅಲ್ಲಿ ಆಂಜಿಯೋಪ್ಲಾಸ್ಟಿಗೆ ಮುಟ್ಟಿಸುವುದು ಕಷ್ಟ. ಹಾಗಾಗಿ ಇಲ್ಲೇ ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿ ಟೆನೆಕ್ಟೆಪ್ಲೇಸ್ ಚುಚ್ಚಿ ಕಳಿಸುತ್ತೇವೆ. ಇದಕ್ಕೆ ಈ ಕ್ರಮವನ್ನು ನೇರ ಆಂಜಿಯೋಪ್ಲಾಸ್ಟಿಯೊಂದಿಗೆ ಹೋಲಿಸಿ ನೋಡಿದ 2013ರ ಸ್ಟ್ರೀಮ್ ಟ್ರಯಲ್ ಆಧಾರ. ಆದರೆ ಅದರಲ್ಲಿದ್ದವರೆಲ್ಲ ನೋವು ಶುರುವಾದ ಮೂರು ಗಂಟೆಯೊಳಗೆ ಬಂದವರು. ನಮ್ಮಲ್ಲಿಗೆ ಬರುವವರು ಹಾಗಿದ್ದಾರೆಯೇ ಎಂದು ತಿಳಿಯಲು ಸರಿಯಾದ ಹೊತ್ತು ಬೇಕು. ಇಡೀ ಅಧ್ಯಯನ ನಿಂತಿರುವುದೇ ಅದರ ಮೇಲೆ.

"ನೋವು ಯಾವಾಗ ಬಂತು?" ಎಂದರೆ "ಬೆಳಿಗ್ಗೆ" ಎನ್ನುತ್ತಾರೆ. ಅದು ಸಾಲದು. ಕಾಫಿ ತೋಟದ ಕೂಲಿಯವರಾದರೆ ಮಸ್ಟರ್ (ಬೆಳಗಿನ ಹಾಜರಿ) ಹಿಡಿದು ಹೀಗೆ ಕೇಳುತ್ತೇವೆ: "ಮಸ್ಟರಿಗೆ ಮುಂಚೆಯೋ, ಆಮೇಲೋ? ಗಂಜಿ ಕುಡಿದಾಗಿತ್ತಾ?" ನೋವು ಬಂದು ಹೋಗುತ್ತಿದ್ದರೆ, ಬಿಡದೆ ಹಿಡಿದುಕೊಂಡ ಹೊತ್ತನ್ನೇ ಬರೆಯಬೇಕು. ಇಸಿಜಿ ಯಂತ್ರದ ಗಡಿಯಾರವನ್ನು ವಾರಕ್ಕೊಮ್ಮೆ ಮೊಬೈಲ್‌ಗೆ ಹೊಂದಿಸಿ. ಇಲ್ಲದಿದ್ದರೆ ಇಸಿಜಿಗೆ ಮುಂಚೆಯೇ ಇಂಜೆಕ್ಷನ್ ಕೊಟ್ಟಂತೆ ದಾಖಲಾಗುತ್ತದೆ. ಇಸಿಜಿ ಅಚ್ಚಾಗುವ ಥರ್ಮಲ್ ಕಾಗದ ಮಾಸುತ್ತದೆ, ಅಂದೇ ಫೋಟೋ ತೆಗೆದಿಡಿ.

ಡೋಸ್ ತೂಕದ ಮೇಲೆ: 60 ಕೆ.ಜಿ.ಗಿಂತ ಕಡಿಮೆ ಇದ್ದರೆ 30 ಮಿ.ಗ್ರಾಂ, ಅಲ್ಲಿಂದ ಪ್ರತಿ 10 ಕೆ.ಜಿ.ಗೆ 5 ಹೆಚ್ಚು, 90 ಅಥವಾ ಹೆಚ್ಚಿದ್ದರೆ 50. ಸ್ಟ್ರೀಮ್‌ನಲ್ಲಿ ಮಿದುಳಿನ ರಕ್ತಸ್ರಾವ ಕಂಡ ಮೇಲೆ 75 ವರ್ಷ ತುಂಬಿದವರಿಗೆ ಡೋಸನ್ನು ಅರ್ಧಕ್ಕೆ ಇಳಿಸಿದರು. ತೂಗಿದ್ದೋ, ಅಂದಾಜೋ ಎಂಬುದಕ್ಕೆ ಫಾರ್ಮಿನಲ್ಲಿ ಬೇರೆ ಕಲಂ ಇರಲಿ. ಡೆಕ್ಸ್‌ಟ್ರೋಸ್ ಹೋಗುತ್ತಿದ್ದ ಲೈನಿನಲ್ಲಿ ಚುಚ್ಚಿದರೆ ಔಷಧಿ ಒಡೆದು ಗಟ್ಟಿಯಾಗುತ್ತದೆ. ಮುಂಚೆಯೂ ಆಮೇಲೂ ಸಲೈನ್ ಹಾಯಿಸಿ.

ಇಂಜೆಕ್ಷನ್ ಆದ 90ನೇ ನಿಮಿಷದ ಇಸಿಜಿಯೇ ಹೆಚ್ಚು ಕೈಕೊಡುವುದು. ಕೂಡಲೇ ಹೊರಟಿದ್ದರೆ ಆ ಹೊತ್ತಿಗೆ ಆಂಬುಲೆನ್ಸ್ ಪಿರಿಯಾಪಟ್ಟಣ-ಹುಣಸೂರಿನ ನಡುವೆ ಎಲ್ಲೋ ಇರುತ್ತದೆ. ಗಾಡಿ ಓಡುತ್ತಿರುವಾಗ ತೆಗೆದರೆ ಗೆರೆ ನಡುಗಿ ಎಸ್‌ಟಿ (ಹೃದಯಾಘಾತದಲ್ಲಿ ಏರುವ ಇಸಿಜಿ ಗೆರೆಯ ಭಾಗ) ಅಳೆಯಲಾಗದು. ಎರಡು ನಿಮಿಷ ಬದಿಗೆ ನಿಲ್ಲಿಸಲೇಬೇಕು. ಎಲೆಕ್ಟ್ರೋಡ್ ಜಾಗವನ್ನು ಎದೆಯ ಮೇಲೆ ಪೆನ್ನಿನಿಂದ ಮೊದಲೇ ಗುರುತಿಸಿ. ಜಾಗ ಸರಿದರೆ ಹೋಲಿಕೆ ಕೆಡುತ್ತದೆ. ಅತಿ ಹೆಚ್ಚು ಏರಿದ್ದ ಲೀಡಿನಲ್ಲಿ (ಇಸಿಜಿಯ ಒಂದೊಂದು ಗೆರೆ) ಎಸ್‌ಟಿ ಅರ್ಧದಷ್ಟಾದರೂ ಇಳಿಯದಿದ್ದರೆ, ಮೈಸೂರಿಗೆ ಫೋನ್ ಮಾಡಿ ರೆಸ್ಕ್ಯೂ ಆಂಜಿಯೋಪ್ಲಾಸ್ಟಿಗೆ (ಔಷಧಿ ಕೆಲಸ ಮಾಡದಾಗ ತುರ್ತಾಗಿ ಮಾಡುವುದು) ಸಿದ್ಧರಿರಲು ಹೇಳುತ್ತೇವೆ.

ಅಧ್ಯಯನಕ್ಕೆ ಸೇರುವ ಒಪ್ಪಿಗೆ ಪತ್ರಕ್ಕಾಗಿ ಚಿಕಿತ್ಸೆ ಕಾಯಬಾರದು. ಓದಲು ಬಾರದವರಿಗೆ ಸಾಕ್ಷಿ ಬೇಕು. ಆ ಸಾಕ್ಷಿ ತೋಟದ ರೈಟರ್ (ಲೆಕ್ಕ-ಮೇಲ್ವಿಚಾರಣೆ ನೋಡುವವರು) ಆಗಬಾರದು, ಅವರೆದುರು ಕೂಲಿಯವರು 'ಬೇಡ' ಎನ್ನಲಾರರು. ಅಸ್ಸಾಮಿನಿಂದ ಬಂದವರಿಗೆ ಅವರ ಭಾಷೆ ಬಲ್ಲವರನ್ನು ಹುಡುಕಿ.

30ನೇ ದಿನ ರೋಗಿ ಹೇಗಿದ್ದಾರೆಂದು ಫೋನ್ ಮಾಡಿ ಕೇಳಬೇಕು. ಕಾಫಿ ಕುಯ್ಲು ಮುಗಿದರೆ ತೋಟದ ಕೂಲಿಯವರ ಲೈನ್ ಮನೆ ಖಾಲಿ, ಸಿಮ್ಮೂ ಬದಲು. ಅದಕ್ಕೇ ಊರಿನ ನೆಂಟರ ನಂಬರೂ ಮೊದಲ ದಿನವೇ ಬೇಕು. ಸಿಗದವರನ್ನು 'ಬದುಕಿದ್ದಾರೆ' ಎಂದು ಬರೆಯುವಂತಿಲ್ಲ. 'ಗೊತ್ತಿಲ್ಲ' ಎಂದೇ ಬರೆದು, ವರದಿಯಲ್ಲಿ ಆ ಸಂಖ್ಯೆಯನ್ನೂ ತೋರಿಸುತ್ತೇವೆ.